ಮುಡಿಪಿನ ನಾಣ್ಯ

ಬ್ಯಾಂಕಿನಿಂದ ಚಿಲ್ಲರೆ ಪೊಟ್ಟಣಗಳನ್ನು ತಂದು, ಅಚ್ಚು ತಪ್ಪಿದ ನಾಣ್ಯಗಳನ್ನು ಹುಡುಕುವುದು ವಿರೂಪಾಕ್ಷನ ಹುಚ್ಚು. ಹೆಂಡತಿ ನಗುತ್ತಾಳೆಂದು ಎಲ್ಲವೂ ಕದ್ದುಮುಚ್ಚಿ. ಎಷ್ಟು ಜಾಲಾಡಿದರೂ ಸಿಗದಿದ್ದದ್ದು ಕೊನೆಗೆ ಸಿಕ್ಕಿದ್ದು ದೇವರ ಗೂಡು ಒರೆಸುವಾಗ. ಮಗಳ ಜ್ವರ ಬಿಡಲೆಂದು ಹರಕೆ ಹೊತ್ತು ಹೆಂಡತಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮುಡಿಪು ಸಡಿಲಗೊಂಡಿತ್ತು. ಒಳಗಿದ್ದ ಐದು ರೂಪಾಯಿಯ ಒಂದು ಮುಖಕ್ಕೆ ಅಚ್ಚೇ ಬಿದ್ದಿರಲಿಲ್ಲ.

ಅದನ್ನು ಜೇಬಿಗಿಳಿಸಿ, ಬೇರೊಂದು ಐದು ರೂಪಾಯಿ ಇಟ್ಟು ಗಂಟು ಹಾಕಿದ. ದೇವರಿಗೇನೂ ನಷ್ಟವಿಲ್ಲವೆಂದು ತನಗೆ ತಾನೇ ಹೇಳಿಕೊಂಡರೂ, ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಆ ಕಡೆ ತಲೆ ಹಾಕಲಿಲ್ಲ.

ಮಗಳು ಚೇತರಿಸಿಕೊಂಡಳು. ದೇವಸ್ಥಾನದ ಹುಂಡಿಯ ಮುಂದೆ ಮುಡಿಪು ಬಿಚ್ಚಿದ ಹೆಂಡತಿ, ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ ಗಂಡನ ತೋಳು ಹಿಡಿದಳು. ವಿರೂಪಾಕ್ಷ ಮುಖ ಬೇರೆಡೆ ಹೊರಳಿಸಿದ.

"ರೀ, ನಾನೊಂದು ತಪ್ಪು ಮಾಡಿದ್ದೆ. ಅಂಗಡಿಯವನು ಬೇಡ ಅಂತ ವಾಪಸ್ ಕೊಟ್ಟ ನಾಣ್ಯಾನೇ ದೇವರಿಗೆ ಕಟ್ಟಿಬಿಟ್ಟಿದ್ದೆ. ಒಂದು ಕಡೆ ಬರೀ ಬೋಳು. ದಿನಾ ದೀಪ ಹಚ್ಚುವಾಗ ಜೀವ ಚುರ್ ಅಂತಿತ್ತು. ನೋಡಿ, ಸ್ವಾಮಿ ತಾನೇ ಅದನ್ನ ಸರಿ ಮಾಡಿ ನನ್ನ ಕ್ಷಮಿಸಿಬಿಟ್ಟ!"

"ಲೇ, ಅದು ದೇವರಲ್ಲ ಕಣೇ, ಅದು..."

ಅವನು ಮಾತು ಮುಗಿಸುವಷ್ಟರಲ್ಲಿ ಅವಳ ಕೈಯ ಚಿನ್ನದ ಬಳೆ ಹುಂಡಿಯೊಳಗೆ ಠಣ್ ಎಂದಿತು.