ಅಣಬೆ ಎದ್ದ ಮರ

ಚಿಕ್ಕತಾಯಮ್ಮನ ಮಗಳು ಬಾಣಂತನಕ್ಕೆ ತವರಿಗೆ ಬಂದ ವಾರವೇ ಹಿತ್ತಲಿನ ಹುಣಸೆಮರದ ಬುಡದಲ್ಲಿ ಅಂಗೈಯಗಲದ ಅಣಬೆಗಳು ಎದ್ದವು. ಇವತ್ತು ಮೋಡ ಕವಿದು ಗಾಳಿ ಬೀಸತೊಡಗಿದಂತೆ ಮರ ಕರಕರ ಅನ್ನುತ್ತಿತ್ತು. ಅದು ವಾಲಿದ್ದ ಕಡೆಯ ಕೋಣೆಯಲ್ಲೇ ಮಗಳು ಹಸುಗೂಸನ್ನು ತಬ್ಬಿಕೊಂಡು ಮಲಗಿದ್ದಳು.

“ಅಣಬೆ ಎದ್ದ ಮರ ಒಳಗೆಲ್ಲ ಟೊಳ್ಳು ಕಣಮ್ಮಿ. ಇಬ್ರನ್ನೂ ಪಕ್ಕದ ಮನೆಗೆ ಕರ್ಕೊಂಡೋಗಾನ,” ಅಂದ ಚಿಕ್ಕತಾಯಮ್ಮನ ಗಂಡ.

ಅವಳಿಗೂ ಭಯವಿತ್ತು. ಆದರೆ ಹಸಿ ಬಾಣಂತಿಯನ್ನು ಈ ಗಾಳಿಗೆ ಹೊರಗೆ ತರುವುದು ಹೇಗೆ? ಅವಳು ಮರದ ತುದಿಗೆ ಕೈ ತೋರಿಸಿದಳು. ಅಲ್ಲಿ ಬಣ್ಣದ ಕೊಕ್ಕರೆಗಳು ಮರಿಗಳ ಮೇಲೆ ರೆಕ್ಕೆ ಹರಡಿ ಕೂತಿದ್ದವು.

“ಅಣಬೆ ನೆನ್ನೆ ಮೊನ್ನೆ ಬಂದದ್ದು, ಅದಕ್ಕೇನು ಗೊತ್ತು? ಇವು ವರ್ಷಾ ವರ್ಷಾ ಇಲ್ಲೇ ಮರಿ ಮಾಡೋವು. ಮರ ಬೀಳೋದಾದ್ರೆ ಮೊದ್ಲು ತಿಳಿಯೋದು ಇವಕ್ಕೆ.”

“ತಿಳಿದ್ರೆ ಹಾರೋಯ್ತವೆ, ಅಷ್ಟೆ.”

“ಹೆತ್ತೋರು ಮಕ್ಳನ್ನ ಬಿಟ್ಟು ಹಾರೋದುಂಟಾ? ಸುಮ್ನಿರಿ ನೀವು.”

ಅವಳು ಹಿತ್ತಲ ಬಾಗಿಲು ಮುಚ್ಚಲು ಕೈ ಚಾಚಿದಾಗ ಬೀಸುತ್ತಿದ್ದ ಗಾಳಿ ಒಮ್ಮೆಗೇ ನಿಂತಿತು. ಮೇಲೆ ರೆಕ್ಕೆಗಳ ದೊಡ್ಡ ಸದ್ದು ಕೇಳಿ ತಲೆಯೆತ್ತಿದಳು.

ಗೂಡುಗಳಲ್ಲಿ ಮರಿಗಳು ಕೂಗುತ್ತಿದ್ದವು. ಮರದ ಮೇಲೆ ದೊಡ್ಡ ಕೊಕ್ಕರೆ ಒಂದೂ ಇರಲಿಲ್ಲ.