ಅಂಚು ತಿರುಗಿಸಿದ ಕೈ

ಅಕ್ಕ ಪಾರ್ಸಲ್ ಕವರಿನಿಂದ ತೆಗೆದುಕೊಟ್ಟ ಸೀರೆಯ ಅಂಚನ್ನು ಪ್ರಮೋದಾ ಅಭ್ಯಾಸದಂತೆ ಹೆಬ್ಬೆರಳಿನಿಂದ ತಿರುಗಿಸಿದಳು. ಹಿಂಬದಿಯಲ್ಲಿ ನವಿಲಿನ ನೇಯ್ಗೆಯ ಒಂದು ಎಳೆಯೂ ಇರಲಿಲ್ಲ, ಬರೀ ಬಿಳಿ. ಅವಳು ವಾರಗಟ್ಟಲೆ ಕೂತು ಬಿಡಿಸಿದ ನವಿಲನ್ನು ಯಾರೋ ಬಟ್ಟೆಯ ಮೇಲೆ ಪ್ರಿಂಟ್ ಹೊಡೆದಿದ್ದರು.

"ನಿನ್ ಪೇಜಿಂದಾನೇ ತರಿಸ್ದೆ ಕಣೇ. ಕೇಳಿದ್ರೆ ನೀನು ದುಡ್ಡು ತಗೊಳಲ್ವಲ್ಲ, ಅದಕ್ಕೇ ಹೇಳ್ಲಿಲ್ಲ," ಎಂದು ಅಕ್ಕ ನಗುತ್ತ ಮೊಬೈಲು ಅವಳ ಮುಂದೆ ಹಿಡಿದಳು. ಪೇಜಿನ ಹೆಸರು ಯಾರದೋ. ವಿಡಿಯೋ ಮಾತ್ರ ಪ್ರಮೋದಾಳದು. ಅಗ್ಗದ ಪ್ರಿಂಟ್ ಸೀರೆಗಳು ಆನ್‌ಲೈನಿನಲ್ಲಿ ತುಂಬಿಕೊಂಡು ತನಗೆ ಆರ್ಡರ್ ನಿಂತಾಗ, ನೇಯ್ದದ್ದು ಯಾವುದೆಂದು ಜನಕ್ಕೆ ತಿಳಿಯಲಿ ಎಂದು, ದೊಡ್ಡಬಳ್ಳಾಪುರದ ತನ್ನ ಮಗ್ಗದ ಪಕ್ಕ ನಿಂತು ಅಂಚಿನ ಹಿಂಬದಿಯ ಎಳೆಗಳನ್ನು ತೋರಿಸಿ ಮಾಡಿದ್ದ ವಿಡಿಯೋ. ಈಗ ಅವಳದೇ ಕೈ, ಅದೇ ಹಸಿರು ಬಳೆ, ಆ ಪ್ರಿಂಟ್ ಸೀರೆಯನ್ನೇ ಮಾರುತ್ತಿತ್ತು.

"ಅಕ್ಕಾ, ಇದು..."

"ನಿನ್ ಕೈ ನಂಗೆ ಗೊತ್ತಾಗಲ್ವಾ? ನಮ್ ತಂಗಿ ನೇಯ್ದಿದ್ದು ಅಂತ ಹೇಳಿ ನಮ್ಮೂರು ಕುಂದಾಣದಲ್ಲಿ ಎಂಟು ಮನೆಯೋರಿಗೆ ತರಿಸ್ಕೊಟ್ಟಿದೀನಿ. ನಾಳೆ ನಮ್ಮ ಗೃಹಪ್ರವೇಶಕ್ಕೆ ಎಲ್ರೂ ಅದನ್ನೇ ಉಟ್ಕೊಂಡು ಬರ್ತಾರೆ, ನೋಡ್ತಿರು."

ಪ್ರಮೋದಾ ಅಂಚನ್ನು ಮತ್ತೆ ಮೇಲ್ಬದಿಗೆ ತಿರುಗಿಸಿ ಸೀರೆ ಮಡಿಸತೊಡಗಿದಳು.