ಮಾಲಕರು

"ಬಂದ್ ಮಾಡ್ರಿ ಅದನ್ನ!" ಎನ್ನುತ್ತ ಭಾಗಮ್ಮ ಎದ್ದು ನಿಂತಳು. ಕೊಳಕೂರಿನ ವಾರ್ಷಿಕ ಸಿನಿಮಾ ಉತ್ಸವದ ಪರದೆಯ ಮೇಲೆ ಅವಳದೇ ಮುಖ. "ನಮ್ಮ ಮಾಲಕರು ನನಗ ಓದಾಕ ಕಲಿಸಿದ್ರು" ಎಂದು ಆ ಮುಖ ಹೇಳಿತ್ತು. ಅವಳ ಕನ್ನಡದ ಕೆಳಗೆ ಬೆಂಗಳೂರಿನ ನಿರ್ದೇಶಕ ಇನ್ನೊಂದು ಕನ್ನಡ ಬರೆಸಿದ್ದ: 'ನಮ್ಮ ಜಮೀನ್ದಾರರು ನನಗೆ ಓದಲು ಕಲಿಸಿದರು.'

ಚಿತ್ರ ಆ ಸಾಲಿನ ಮೇಲೆಯೇ ನಿಂತಿತು. "ಮಾಲಕರು ಅಂದ್ರೆ ಜಮೀನ್ದಾರರು ತಾನೇ ಅಮ್ಮಾ?" ಎಂದು ನಿರ್ದೇಶಕ ನಕ್ಕ.

"ಯಾವ ಜಮೀನ್ದಾರಲೇ? ಇಲ್ಲಿ ಮಾಲಕರು ಅಂದ್ರ ಗಂಡ! ಆ ಜಮೀನ್ದಾರನ ಹೊಲದಾಗ ದುಡದು ಬಂದು, ನನ್ನ ಕೈ ಹಿಡದು ಅಕ್ಷರ ತಿದ್ದಿಸಿದ್ರು. ಸತ್ತ ಮ್ಯಾಲೂ ಅವರ ದುಡಿಮಿ ಅವಂಗೇ ಬರದು ಕೊಟ್ಟಿಯೇನು?"

"ಹಾಗಿದ್ರೆ ಕ್ಯಾಮೆರಾ ಮುಂದೆ ಗಂಡನ ಹೆಸರು ಹೇಳಬೇಕಿತ್ತು."

ಗಂಡನ ಹೆಸರನ್ನು ಅವಳು ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗಲೂ ಹೇಳಲಿಲ್ಲ. ಪೋಸ್ಟರಿಗೆ ಸಹಿ ಹಾಕಲೆಂದು ನಿರ್ದೇಶಕ ಹಿಡಿದಿದ್ದ ಮಾರ್ಕರನ್ನು ಕಿತ್ತುಕೊಂಡು ನೇರ ಪರದೆಯ ಬಳಿಗೆ ಹೋದಳು. ತನ್ನದೇ ಗಲ್ಲದ ಕೆಳಗೆ, ಆ ಸುಳ್ಳು ಸಾಲಿನ ಮೇಲೆಯೇ, ಒತ್ತಿ ಒತ್ತಿ ದಪ್ಪ ಅಕ್ಷರಗಳಲ್ಲಿ ಬರೆದಳು: ಚಂದ್ರಾಮ.